ಪ್ರಾರ್ಥನೆಯ ಹೊತ್ತಿನ ಹಾಜರಿ

ನನಗೆ ಕೇಡು ಬಯಸಿದವರಿಗಿಂತ ನನ್ನ ಪರವಾಗಿ ಜಗಳಾಡಿದವರಿಂದಲೇ ನನಗೆ ಹೆಚ್ಚು ತ್ರಾಸಾಗಿದೆ. ಹೀಗಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಮುದುಕಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತಾರೆ. ಇರುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಅಲ್ಲಿಗೆ ಯಾವಾಗ ಬಂದು ಕೂತಿತು ಅಂತ ಯಾರೂ ಕೇಳಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ದೇಶಕ್ಕೆ ಹೊಸ ಸಂವಿಧಾನ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸಿಗೇ ಸೇರಿತ್ತು. ನಾನು ಸಿರುಗುಪ್ಪದ ಒಂದು ಬೋರ್ಡ್ ಸಾಲಿಯಲ್ಲಿ, ಅಂದರೆ ಜಿಲ್ಲಾ ಬೋರ್ಡಿನ ಸರ್ಕಾರಿ ಶಾಲೆಯಲ್ಲಿ, ಎಂಟನೇ ಕ್ಲಾಸು ಓದುತ್ತಿದ್ದೆ.

ನಮ್ಮೂರು ಕುರುಗೋಡು. ಊರ ಹೊರಗೆ ಹರಿಜನ ಕೇರಿ, ಆ ಕೇರಿಯಲ್ಲಿ ನಮ್ಮ ಮನೆ. ಅಪ್ಪ ಕಲ್ಲು ಒಡೆಯುತ್ತಿದ್ದ. ತುಂಗಭದ್ರೆಯ ಕಾಲುವೆ ಕೆಲಸ ಜೋರಾಗಿ ನಡೆದಿದ್ದ ಕಾಲ, ಕುರುಗೋಡಿನ ಕಲ್ಲಿಗೆ ಗಿರಾಕಿ ಇತ್ತು. ಊರಲ್ಲಿ ಐದನೇ ಕ್ಲಾಸು ಮುಗಿಸಿದೆ. ಮುಂದೆ ಓದಬೇಕಾದರೆ ಸಿರುಗುಪ್ಪದಲ್ಲಿದ್ದ ಸೋದರತ್ತೆಯ ಮನೆಗೆ ಹೋಗಬೇಕು. ಅವ್ವ ಬೇಡವೆಂದಳು. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ನನ್ನನ್ನೇ ಲಗ್ನವಾಗಬೇಕು ಅಂತ ಕಾದು ಕೂತಿದ್ದ. ಕೆಟ್ಟ ಮನುಷ್ಯನಲ್ಲ. ಆದರೆ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ಬಾಯಿ ಬಿಟ್ಟರೆ ಎತ್ತಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಅವ್ವ, ಅಪ್ಪ ಎರಡು ದಿನ ಹಗ್ಗ ಜಗ್ಗಾಡಿ ಕೊನೆಗೆ ಅಪ್ಪ ಒಂದು ಮಾತು ಹೇಳಿದ.

"ಎಂಟನೇದು ಪಾಸಾದ್ರ ಬಳ್ಳಾರಿ ಟ್ರೈನಿಂಗ್ ಸಾಲಿಗೆ ಹೋಗ್ತಾಳ, ಟೀಚರ್ ಆಗ್ತಾಳ. ಆಗಲಿಲ್ಲ ಅಂದ್ರ ಆ ಬೇಸಿಗ್ಯಾಗ ಲಗ್ನ. ಎರಡ ಮಾತಿಲ್ಲ."

ಅಪ್ಪ ಮಾತು ಕೊಟ್ಟರೆ ಕೊಟ್ಟದ್ದೇ. ಪಾಸಾದರೂ ತಪ್ಪುವುದಿಲ್ಲ, ನಪಾಸಾದರೂ ತಪ್ಪುವುದಿಲ್ಲ. ನಾನು ಟ್ರಂಕೂ ಇಲ್ಲದೆ ಒಂದು ಚೀಲ ಹಿಡಿದುಕೊಂಡು ಸಿರುಗುಪ್ಪಕ್ಕೆ ಹೋದೆ. ಅತ್ತೆ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಕೆಲಸ ಮಾಡುತ್ತಿದ್ದಳು. ಬೈಗುಳವಿಲ್ಲದೆ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ, ಆದರೆ ನನ್ನ ಪಾಲಿನ ಮುದ್ದೆ ಒಂದು ದಿನವೂ ಕಮ್ಮಿಯಾಗಲಿಲ್ಲ.

ಎರಡು ವರ್ಷ ಏನೂ ಗದ್ದಲವಿಲ್ಲದೆ ಕಳೆಯಿತು. ಎಂಟನೇ ಕ್ಲಾಸಿಗೆ ಬಂದ ವರ್ಷ ಸಾಲಿಗೆ ಹೊಸ ಹೆಡ್ಮೇಷ್ಟ್ರು ಬಂದರು. ಬಳ್ಳಾರಿ ಪೇಟೆಯ ವೈಷ್ಣವರು. ಹಣೆಗೆ ಅಂಗಾರ ಅಕ್ಷತೆ, ಮೈಮೇಲೆ ಮುಚ್ಚು ಕೋಟು, ಕೈಯಲ್ಲಿ ಗಡಿಯಾರ. ಆ ಮನುಷ್ಯನ ಗಡಿಯಾರ ನೋಡಿ ಗಿರಣಿಯವರು ಸೀಟಿ ಊದಿಸುತ್ತಿದ್ದರು ಅಂತ ಅತ್ತೆ ಹೇಳುತ್ತಿದ್ದಳು, ಅಷ್ಟು ಕರಾರುವಾಕ್ಕು. ಲೆಕ್ಕ ಹೇಳಿಕೊಡುವುದರಲ್ಲಿ ಅವರಂಥವರನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋಗುತ್ತದೆ.

ಅವರು ಬಂದವರೇ ಒಂದು ಹೊಸ ಪದ್ಧತಿ ತಂದರು. ಅಲ್ಲಿಯವರೆಗೆ ಹುಡುಗರು ಪ್ರಾರ್ಥನೆ ಮುಗಿದ ಮೇಲೆ ಹುಣಸೆಕಾಯಿ ಚೀಪುತ್ತಾ ಬಂದು ಕ್ಲಾಸಿನಲ್ಲಿ ಹಾಜರಿ ಹೇಳಿ ಕೂತುಬಿಡುತ್ತಿದ್ದರು. ಹೆಡ್ಮೇಷ್ಟ್ರು ಅದಕ್ಕೆ ಮದ್ದು ಕಂಡುಹಿಡಿದರು. ಆರು, ಏಳು, ಎಂಟನೇ ಕ್ಲಾಸುಗಳಿಗೆ ಸೇರಿಸಿ ಒಂದೇ ಹಾಜರಿ ಪುಸ್ತಕ. ಸಾಲಿಯ ಪಡಸಾಲೆಯಲ್ಲಿ ಸರಸ್ವತಿಯ ಪಟ, ಪಟದ ಕೆಳಗೆ ಒಂದು ಮಣೆ, ಆ ಮಣೆಯ ಮೇಲೆ ಆ ಪುಸ್ತಕ. ಬೆಳಿಗ್ಗೆ ಹತ್ತಕ್ಕೆ ಹುಡುಗರು ಸಾಲಾಗಿ ನಿಲ್ಲಬೇಕು, ಶ್ಲೋಕ, ಆಮೇಲೆ ಕನ್ನಡದ ಒಂದು ಹಾಡು, ಆಮೇಲೆ ಕರ್ಪೂರ. ಪುಸ್ತಕಕ್ಕೂ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಅಲ್ಲೇ ನಿಂತು ಹೆಸರು ಕೂಗುತ್ತಿದ್ದರು. ಆಗ ಅಲ್ಲಿ ಇದ್ದವರು ಹಾಜರ್. ಇಲ್ಲದವರು ಇಡೀ ದಿನ ಗೈರು. ಒಂದೇ ವಾರದಲ್ಲಿ ತಡವಾಗಿ ಬರುವವರೆಲ್ಲ ನೆಟ್ಟಗಾದರು.

ನನ್ನ ಕಥೆ ಬೇರೆ. ನಾನು ಒಂಬತ್ತೂವರೆಗೇ ಬಂದು ನಿಂತಿರುತ್ತಿದ್ದೆ, ಆದರೆ ಪಡಸಾಲೆಯೊಳಗೆ ಬರುವ ಹಾಗಿರಲಿಲ್ಲ. ಹರಿಜನ ಮಕ್ಕಳನ್ನು ಕ್ಲಾಸಿನಲ್ಲಿ ಕೂಡಿಸಲೇಬೇಕು ಅಂತ ಸರ್ಕಾರದ ಹುಕುಂ ಇತ್ತು, ಕೂಡಿಸಿದ್ದರು. ಮೊದಲನೇ ದಿನವೇ ಹೆಡ್ಮೇಷ್ಟ್ರು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಸಮಾಧಾನವಾಗಿಯೇ ಹೇಳಿದರು.

"ನೋಡು ಹುಡುಗಿ, ಕ್ಲಾಸು ಸರ್ಕಾರದ್ದು. ಅಲ್ಲಿ ನೀ ಕೂಡು, ನನ್ನದೇನೂ ತಕರಾರಿಲ್ಲ. ಪೂಜಿ ಸರ್ಕಾರದ್ದಲ್ಲ. ಪೂಜಿ ಮುಗಿಯೋತನಕ ಮೆಟ್ಟಲ ಕೆಳಗ ನಿಂತಿರು."

ಮೆಟ್ಟಿಲ ಕೆಳಗೆ ನಿಂತೆ. ಕೆಳಗಿನ ಕ್ಲಾಸುಗಳಲ್ಲಿ ನಮ್ಮ ಕೇರಿಗಳ ಮಕ್ಕಳು ನಾಲ್ಕೈದು ಮಂದಿ ಇದ್ದರು, ಅವರ ಹಾಜರಿಯನ್ನು ಅವರವರ ಟೀಚರುಗಳು ಕ್ಲಾಸಿನಲ್ಲೇ ತೆಗೆಯುತ್ತಿದ್ದರು. ದೊಡ್ಡ ಕ್ಲಾಸುಗಳಲ್ಲಿ ನಾನೊಬ್ಬಳೇ. ನನ್ನ ಹೆಸರು ಬಂದಾಗ ಹೊರಗಿನಿಂದಲೇ "ಹಾಜರ್ ಸಾರ್" ಅಂತ ಕೂಗುತ್ತಿದ್ದೆ. ಅವರು ತಲೆಯೆತ್ತದೆ ಗೆರೆ ಎಳೆಯುತ್ತಿದ್ದರು. ಬಿಸಿಲಿಗೆ ಕಾಲು ಸುಡುತ್ತಿತ್ತು, ಅದನ್ನು ಬಿಟ್ಟರೆ ಹಾಜರಿಗೆ ಏನೂ ಕೊರತೆಯಿರಲಿಲ್ಲ.

ಅಲ್ಲಿ ನಿಂತೂ ನಿಂತೂ ಹಾಡು ನನಗೆ ಬಾಯಿಪಾಠವಾಯಿತು. ವಿದ್ಯೆ ಕೊಡು ತಾಯಿ ಅಂತ ಕೇಳುವ ಹಾಡು. ಆ ಸಾಲಿಯಲ್ಲಿ ಆ ಮಾತು ನನಗಿಂತ ಹೆಚ್ಚು ಬೇಕಾಗಿದ್ದವರು ಯಾರಿದ್ದರು ಹೇಳಿ. ಒಳಗಿದ್ದವರು ದಿನಾ ಎರಡನೇ ಚರಣದಲ್ಲಿ ರಾಗ ತಪ್ಪಿಸುತ್ತಿದ್ದರು. ಅದೂ ಒಂದೇ ಜಾಗದಲ್ಲಿ, ಒಂದೇ ಥರ. ನನಗೆ ಹೊರಗೆ ನಿಂತು ಮೈ ಉರಿಯುತ್ತಿತ್ತು. ಅಲ್ಲಿ ಏರಿಸಬೇಕು ಕಣ್ರೋ, ಇಳಿಸಬಾರದು ಅಂತ ಕೂಗಬೇಕು ಅನ್ನಿಸುತ್ತಿತ್ತು. ತುಟಿ ಅಲ್ಲಾಡಿಸುತ್ತಿದ್ದೆ, ಧ್ವನಿ ತೆಗೆಯುತ್ತಿರಲಿಲ್ಲ.

ಹೀಗೇ ಹೋಗಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ನಮ್ಮ ಸಾಲಿಯಲ್ಲಿ ಚರಿತ್ರೆ ಹೇಳಿಕೊಡುವ ಒಬ್ಬ ಸಣ್ಣ ವಯಸ್ಸಿನ ಮೇಷ್ಟ್ರಿದ್ದರು. ಖಾದಿ ಜುಬ್ಬಾ, ಕನ್ನಡಕ, ಜೇಬಿನಲ್ಲಿ ಸದಾ ಒಂದು ಮಡಚಿದ ಪತ್ರಿಕೆ. ಹೊಸ ಸಂವಿಧಾನದ ಬಗ್ಗೆ ಮಾತಾಡತೊಡಗಿದರೆ ಅವರಿಗೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಬಹಳ ಒಳ್ಳೆಯವರು. ನನ್ನನ್ನು ತಂಗಿ ಅಂತಲೇ ಕರೆಯುತ್ತಿದ್ದರು, ತಮ್ಮ ಪುಸ್ತಕಗಳನ್ನು ಕೈಯಾರೆ ಕೈಗೆ ಕೊಡುತ್ತಿದ್ದರು. ಅವರ ಒಂದೇ ತೊಂದರೆ ಅಂದರೆ ಪ್ರಶ್ನೆ ಕೇಳಿ ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಆಗಸ್ಟ್ ಹದಿನೈದರ ಭಾಷಣ ಮುಗಿಸಿದ ಮರುದಿನ ನನ್ನನ್ನು ಕರೆದರು.

"ತಂಗಿ, ನಿನ್ನನ್ನ ದಿನಾ ಪ್ರಾರ್ಥನಿಗೆ ನಿಲ್ಲಸ್ತಾರಲ್ಲ, ಅದು ಬಲವಂತಾನೋ ಅಲ್ಲೋ?"

"ಹೊರಗ ನಿಲ್ಲಸ್ತಾರ್ರಿ ಸಾರ್."

"ಅದ ಬಲವಂತ. ಬೋರ್ಡ್ ಸಾಲಿಯೊಳಗ ಯಾರನ್ನೂ ಬಲವಂತದಿಂದ ಪ್ರಾರ್ಥನಿಗೆ ನಿಲ್ಲಸೂ ಹಂಗಿಲ್ಲ. ಸಂವಿಧಾನದೊಳಗ ಬರದಾರ."

"ನಿಲ್ಲೂದು ಅಲ್ರಿ ಸಾರ್, ಹೊರಗ..."

ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ನೀವೇ ನೋಡಿ. ನನಗೆ ಬೇಕಾಗಿದ್ದದ್ದು ಒಳಗೆ ಹೋಗುವುದು. ಅವರು ಕೊಡಿಸಲು ಹೊರಟಿದ್ದು ಹೊರಗೂ ನಿಲ್ಲದ ಹಾಗೆ ಮಾಡುವ ಸ್ವಾತಂತ್ರ್ಯ. ಆ ವಯಸ್ಸಿನಲ್ಲಿ ನನಗೆ ಅದನ್ನು ಬಿಡಿಸಿ ಹೇಳಲು ಬರಲಿಲ್ಲ. ಬಂದಿದ್ದರೂ ಕೇಳಿಸಿಕೊಳ್ಳುವವರು ಇರಲಿಲ್ಲ.

ಅಪ್ಪ ತಿಂಗಳಿಗೊಮ್ಮೆ ಸಂತೆಯ ದಿನ ನನ್ನನ್ನು ನೋಡಲು ಸಿರುಗುಪ್ಪಕ್ಕೆ ಬರುತ್ತಿದ್ದ. ಆ ಸಲ ಮೇಷ್ಟ್ರು ಅವನನ್ನು ಸಂತೆಯಲ್ಲೇ ಹಿಡಿದು, ಒಂದು ಕಾಗದ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ನನ್ನ ಮಗಳು ಸಾಲಿಯ ಪ್ರಾರ್ಥನೆಯಲ್ಲಿ ಭಾಗವಹಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಆಕೆಯ ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಡ್ಡಿ ಮಾಡಬಾರದು, ಅಂತ ದುಂಡು ಅಕ್ಷರದಲ್ಲಿ ಬರೆದಿತ್ತು. ನಾನು ಅಪ್ಪನನ್ನು ಕೇಳಿದೆ, ಅದರಲ್ಲಿ ಏನಿತ್ತು ಗೊತ್ತೇನು ಅಂತ.

"ಮಗಳನ್ನ ಬಿಸಿಲಾಗ ನಿಲ್ಲಸೂದು ತಪ್ಪತೈತಿ ಅಂದ್ರು," ಅಂದ ಅಪ್ಪ. "ಒತ್ತಿದೆ. ತಪ್ಪಾತೇನವ್ವ?"

ತಪ್ಪಾಯಿತು ಅಂತ ಹೇಗೆ ಹೇಳಲಿ? ನನಗೇ ಗೊತ್ತಿರಲಿಲ್ಲ.

ಆ ಕಾಗದ ಹೆಡ್ಮೇಷ್ಟ್ರ ಕೈ ಸೇರಿದಾಗ ಯುದ್ಧವೇ ಆಗುತ್ತದೆ ಅಂತ ಚರಿತ್ರೆ ಮೇಷ್ಟ್ರು ತೋಳೇರಿಸಿಕೊಂಡು ಹೋಗಿದ್ದರು. ಏನೂ ಆಗಲಿಲ್ಲ. ಹೆಡ್ಮೇಷ್ಟ್ರು ಎರಡು ಸಲ ಓದಿ, ಬಹಳ ಸಂತೋಷ ಅಂದು, ಠಸ್ಸೆ ಹೊಡೆದು ಫೈಲಿಗೆ ಹಾಕಿದರು. ಮರುದಿನದಿಂದ ನಾನು ಪ್ರಾರ್ಥನೆಯೆಲ್ಲ ಮುಗಿದು, ಕ್ಲಾಸಿನ ಗಂಟೆ ಹೊಡೆದ ಮೇಲೆ ಬಂದರೆ ಸಾಕು. ಸಂತೋಷವಾಗದೆ ಏನು? ಮೆಟ್ಟಿಲ ಕೆಳಗೆ ಒಂದು ಹುಡುಗಿ ದಿನಾ ನಿಲ್ಲುವುದು ಅವರ ಕಣ್ಣಿಗೂ ಚುಚ್ಚುತ್ತಿತ್ತೋ ಏನೋ. ಈಗ ಅವಳು ತಾನಾಗಿ ಬೇಡವೆಂದಳು, ಅದೂ ಅಪ್ಪನ ಹೆಬ್ಬೆಟ್ಟಿನ ಸಮೇತ.

ಅತ್ತೆಗೂ ಸಂತೋಷ. "ಲೇ, ಅರ್ಧ ತಾಸು ಸಿಕ್ತಲ್ಲ, ಇನ್ನೆರಡು ಕೊಡ ನೀರು ತಂದ ಹೋಗು," ಅಂದಳು. ಅದೇ ನನಗೆ ಸಿಕ್ಕ ಧಾರ್ಮಿಕ ಸ್ವಾತಂತ್ರ್ಯ, ಎರಡು ಕೊಡ ನೀರು. ಹೊಳೆಯ ದಾರಿಯಲ್ಲಿ ಕೊಡ ಹೊತ್ತು ಬರುವಾಗ ಆ ಹಾಡನ್ನು ಜೋರಾಗಿ ಹಾಡಿಕೊಳ್ಳುತ್ತಿದ್ದೆ. ಎರಡನೇ ಚರಣವನ್ನು ಸರಿಯಾಗಿ ಏರಿಸುತ್ತಿದ್ದೆ.

ಈಗ ನಿಮಗೆ ಆಗಲೇ ಹೊಳೆದಿರುತ್ತದೆ. ಅಷ್ಟು ಓದಿದ ಇಬ್ಬರು ಗಂಡಸರಿಗೆ ಆರು ತಿಂಗಳು ಹೊಳೆಯಲಿಲ್ಲ. ಹಾಜರಿ ತೆಗೆಯುತ್ತಿದ್ದದ್ದು ಪ್ರಾರ್ಥನೆಯ ಹೊತ್ತಿನಲ್ಲಿ. ನಾನು ಬರುತ್ತಿದ್ದದ್ದು ಆಮೇಲೆ. ಹೆಡ್ಮೇಷ್ಟ್ರು ದಿನಾ ನನ್ನ ಹೆಸರು ಕೂಗಿ, ಉತ್ತರವಿಲ್ಲ ಅಂತ ಗೈರು ಬರೆದು, ಪುಸ್ತಕ ಮುಚ್ಚಿ, ನೇರವಾಗಿ ಎಂಟನೇ ಕ್ಲಾಸಿಗೆ ಲೆಕ್ಕದ ಪಾಠಕ್ಕೆ ಬರುತ್ತಿದ್ದರು. ಅಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದೆ. ಅವರು ನನಗೆ ಲೆಕ್ಕ ಕೊಡುತ್ತಿದ್ದರು, ನಾನು ಮಾಡುತ್ತಿದ್ದೆ. ನೋಟ್‌ಬುಕ್ಕನ್ನು ಮೇಜಿನ ಅಂಚಿಗೆ ಬಿಡಿಸಿಟ್ಟು ದೂರ ಸರಿದು ನಿಲ್ಲಬೇಕು. ಅವರು ಕೈ ತಾಗಿಸದೆ, ಮರದ ಪಟ್ಟಿಯಿಂದ ಹಾಳೆಯನ್ನು ಅದುಮಿ ಹಿಡಿದು, ಕೆಂಪು ಮಸಿಯಲ್ಲಿ ಸರಿ ಹಾಕಿ, ರುಜು ಮಾಡಿ, ತಾರೀಖು ಹಾಕುತ್ತಿದ್ದರು. ತಪ್ಪಿಲ್ಲದಿದ್ದರೆ ಭೇಷ್ ಅಂತ ಬರೆಯುವುದನ್ನೂ ಬಿಡುತ್ತಿರಲಿಲ್ಲ. ಹತ್ತೂಕಾಲಕ್ಕೆ ಗೈರಾದ ಹುಡುಗಿಗೆ ಹತ್ತೂವರೆಗೆ ಭೇಷ್.

ಅದು ಕೇಡಿನಿಂದ ಮಾಡಿದ್ದಲ್ಲ. ಕೇಡಿನಿಂದ ಮಾಡಿದ್ದರೆ ನನಗೆ ಇಷ್ಟು ತಲೆ ಕೆಡುತ್ತಿರಲಿಲ್ಲ. ಅವರ ಪಾಲಿಗೆ ಹಾಜರಿ ಅಂದರೆ ಆ ಪಟದ ಮುಂದೆ ಹೇಳಿದ್ದು, ಅಷ್ಟೇ.

ಫೆಬ್ರವರಿಯಲ್ಲಿ ಪರೀಕ್ಷೆಗೆ ಕೂರುವವರ ಪಟ್ಟಿಯನ್ನು ಕ್ಲಾಸಿನಲ್ಲಿ ಓದಿದರು. ನನ್ನ ಹೆಸರು ಬರಲಿಲ್ಲ. ಮರೆತಿರಬೇಕು ಅಂದುಕೊಂಡು ಎದ್ದು ನಿಂತೆ.

"ನಿನ್ನ ಹಾಜರಿ ಸಾಲೂದಿಲ್ಲ," ಅಂದರು ಹೆಡ್ಮೇಷ್ಟ್ರು. "ಸೆಪ್ಟೆಂಬರದಿಂದ ನೀ ಒಂದು ದಿನಾನೂ ಬಂದಿಲ್ಲ."

ನಾನು ಅವರ ಮುಂದೆಯೇ ನಿಂತಿದ್ದೆ. ಕ್ಲಾಸಿಗೆ ಕ್ಲಾಸೇ ನನ್ನನ್ನು ನೋಡುತ್ತಿತ್ತು. ಬಂದಿಲ್ಲ ಅಂತ ನನ್ನ ಮುಖ ನೋಡಿಕೊಂಡೇ ಹೇಳಿದ್ದರು. ಮೇ ತಿಂಗಳಿಗೆ ಎಷ್ಟು ದಿನ ಉಳಿದಿದೆ ಅಂತ ಮಾತ್ರ ತಲೆಯೊಳಗೆ ಓಡುತ್ತಿತ್ತು. ಎತ್ತು, ಎತ್ತಿನ ಕೊರಳ ಗಂಟೆ, ಸೋದರಮಾವ.

ಸಂಜೆ ಚರಿತ್ರೆ ಮೇಷ್ಟ್ರು ನನ್ನನ್ನು ಕರೆದುಕೊಂಡು ಆಫೀಸಿಗೆ ನುಗ್ಗಿದರು. ನಾನು ಬಾಗಿಲಲ್ಲಿ ನಿಂತೆ. ಮುಂದಿನ ಒಂದು ಗಂಟೆ ಆ ಇಬ್ಬರೂ ಏನೇನು ಮಾತಾಡಿದರು ಅನ್ನುವುದನ್ನು ಪೂರ್ತಿ ಬರೆದರೆ ಒಂದು ಗ್ರಂಥವಾಗುತ್ತದೆ.

"ಏನ್ರಿ, ನೀವೇ ಬರದು ಕೊಟ್ಟ ಕಾಗದ ಅಲ್ಲೇನು ಇದು?" ಅಂದರು ಹೆಡ್ಮೇಷ್ಟ್ರು. "ಹುಡುಗಿ ಬರೂದಿಲ್ಲ ಅಂತ ನೀವೇ ಬರದೀರಿ."

"ಪ್ರಾರ್ಥನಿಗೆ ಬರೂದಿಲ್ಲ ಅಂತ ಬರದೀನಿ ಸಾರ್, ಸಾಲಿಗೆ ಬರೂದಿಲ್ಲ ಅಂತಲ್ಲ."

"ಪ್ರಾರ್ಥನಾ ಸಾಲಿಯೊಳಗ ನಡೀತದೋ ಸಂತಿಯೊಳಗ ನಡೀತದೋ?"

"ಅದ ತಪ್ಪು ಅಂತೀನಿ. ಸರ್ಕಾರದ ದುಡ್ಡಿನ ಸಾಲಿಯೊಳಗ ಪೂಜಿ ಯಾಕ?"

"ದೇವರು ಬ್ಯಾಡ ಅನ್ನೋರು ಮಕ್ಕಳಿಗೆ ಏನು ಕಲಸ್ತೀರಿ?"

ಅಲ್ಲಿಂದ ಮಾತು ದೇವರು ಇದ್ದಾನೋ ಇಲ್ಲವೋ ಅನ್ನುವುದಕ್ಕೆ ಹೋಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು. ಅಲ್ಲಿಂದ ಅಶೋಕನ ಶಾಸನಗಳಿಗೆ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತಿದ್ದೆ. ನನ್ನ ಲಗ್ನ ಮೇ ತಿಂಗಳಲ್ಲಿ ಆಗುವುದಿತ್ತು, ಇವರು ಅಶೋಕನ ಹತ್ತಿರ ಹೋಗಿ ಕೂತಿದ್ದರು.

ತಡೆಯಲಾರದೆ ಅಂದೆ, "ಸಾರ್, ಲೆಕ್ಕದ ನೋಟ್‌ಬುಕ್ಕಿನ್ಯಾಗ ನಿಮ್ಮ ರುಜು..."

"ದೊಡ್ಡವರು ಮಾತಾಡೋ ಮುಂದ ನಡುವ ಬಾಯಿ ಹಾಕಬ್ಯಾಡ," ಅಂದರು ಹೆಡ್ಮೇಷ್ಟ್ರು.

"ನೀ ಸುಮ್ಮನಿರು ತಂಗಿ, ನಾ ಅದೀನಲ್ಲ," ಅಂದರು ಚರಿತ್ರೆ ಮೇಷ್ಟ್ರು.

ಕೊನೆಗೆ ಹೆಡ್ಮೇಷ್ಟ್ರು ಒಂದು ದಾರಿ ಹೇಳಿದರು. ಅಪ್ಪ ಆ ಕಾಗದವನ್ನು ವಾಪಸು ತೆಗೆದುಕೊಂಡರೆ ನಾಳೆಯಿಂದ ನಾನು ಮತ್ತೆ ಮೆಟ್ಟಿಲ ಕೆಳಗೆ ನಿಂತು ಹಾಜರ್ ಅನ್ನಬಹುದು. ಹಿಂದಿನದು? ಹಿಂದಿನದನ್ನು ತಿದ್ದಲು ಬರುವುದಿಲ್ಲ. ಯಾಕೆ ಬರುವುದಿಲ್ಲ? ದೇವರ ಮುಂದೆ ಬರೆದದ್ದು, ಕುಂಕುಮ ಬಿದ್ದ ಪುಸ್ತಕ, ಅದನ್ನು ಹೊಡೆದುಹಾಕುವುದು ಅವರಿಂದ ಆಗುವುದಿಲ್ಲ. ಚರಿತ್ರೆ ಮೇಷ್ಟ್ರು ಕಾಗದ ವಾಪಸು ಪಡೆಯುವುದಕ್ಕೆ ಒಪ್ಪಲಿಲ್ಲ. ಅದು ತತ್ವದ ಪ್ರಶ್ನೆಯಂತೆ. ನಾನು ಮದ್ರಾಸಿಗೇ ಅರ್ಜಿ ಬರೆಯುತ್ತೇನೆ ಅಂದರು. ಬರೆದರು ಕೂಡ, ಎಂಟು ಪುಟ. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಏಳೂವರೆ ಪುಟ, ನನ್ನ ಪರೀಕ್ಷೆಯ ಬಗ್ಗೆ ಕೊನೆಯಲ್ಲಿ ನಾಲ್ಕು ಸಾಲು. ಆ ಅರ್ಜಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಅಪ್ಪನಿಗೆ ಹೇಳಿಕಳಿಸಿದೆ. ಬಂದ. ಎಲ್ಲ ಕೇಳಿಸಿಕೊಂಡು ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತ. "ಒಳ್ಳೇದಕ್ಕ ಅಂದ್ರವ್ವ," ಅಂದ. ಆಮೇಲೆ, "ಹೋಗ್ಲಿ ಬಿಡು, ನಿನ್ನ ಮಾವ ಹೊಡಿಯೋ ಬಡಿಯೋ ಮನಷ್ಯಾ ಅಲ್ಲ," ಅಂದ. ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಹೆಡ್ಮೇಷ್ಟ್ರ ಮೇಲೂ ಬರಲಿಲ್ಲ. ಅತ್ತೆ ಮೊರವನ್ನು ನೆಲಕ್ಕೆ ಕುಕ್ಕಿ ಅಪ್ಪನಿಗೆ ಬಾಯಿಗೆ ಬಂದಂತೆ ಬೈದಳು. ಆ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಹಾಯೆನಿಸಿದ್ದು ಅದೊಂದೇ.

ಪಟ್ಟಿ ಬಳ್ಳಾರಿಗೆ ಹೋಗುವ ಮೊದಲು ಇನ್ಸ್‌ಪೆಕ್ಟರು ಸಾಲಿಯ ತನಿಖೆಗೆ ಬರುವುದು ವಾಡಿಕೆ. ಬಂದಾಗ ಪ್ರತಿ ಕ್ಲಾಸಿನಲ್ಲಿ ಐದಾರು ನೋಟ್‌ಬುಕ್ ತಿರುವಿ ನೋಡುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಎಲ್ಲರ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಒಟ್ಟಿದ್ದರು. ನಾನು ಮುಂಚೆಯೇ ಬಂದು ಯಾರನ್ನೂ ಕೇಳದೆ ನನ್ನದನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ನನ್ನ ಪುಸ್ತಕ ಇನ್ನೊಬ್ಬರ ಪುಸ್ತಕಕ್ಕೆ ತಾಗಿದರೆ ತಾಗಲಿ. ಇನ್ನು ಸಂಕೋಚ ಮಾಡಿಕೊಂಡು ಕೂತರೆ ನನ್ನ ಕೈಗೆ ಎತ್ತಿನ ಹಗ್ಗವೇ.

ಇನ್ಸ್‌ಪೆಕ್ಟರು ತೆಲುಗಿನವರು, ದಪ್ಪನೆಯ ಮನುಷ್ಯ. ನನ್ನ ನೋಟ್‌ಬುಕ್ ಬಿಡಿಸಿದರು. ಹಾಳೆ ತಿರುವಿದರು, ತಿರುವಿದರು, ನಿಲ್ಲಿಸಲೇ ಇಲ್ಲ. ಯಾರದಿದು ಅಂತ ಕೇಳಿದರು. ಎದ್ದು ನಿಂತೆ.

"ಏಮ್ಮಾ, ಇಕ್ಕಡಿಕಿ ರಾ," ಅಂತ ಹತ್ತಿರ ಕರೆದು ಬೋರ್ಡಿನ ಮೇಲೆ ಒಂದು ಬಡ್ಡಿ ಲೆಕ್ಕ ಕೊಟ್ಟರು. ಮಾಡಿದೆ. ಇನ್ನೊಂದು ಕೊಟ್ಟರು. ಮಾಡಿದೆ.

"ಚೆನ್ನಾಗಿದೆ. ಪರೀಕ್ಷೆ ಚೆನ್ನಾಗಿ ಬರಿ," ಅಂದರು.

"ನಾನು ಪರೀಕ್ಷಿಗೆ ಇಲ್ರಿ ಸಾರ್."

"ಯಾಕೆ?"

"ನಾನು ಗೈರು ಸಾರ್."

"ಗೈರು? ಯಾವತ್ತು?"

"ದಿನಾ ಸಾರ್."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ. ಹಾಜರಿ ಪುಸ್ತಕ ತರಿಸಿದರು. ಬಿಡಿಸಿದಾಗ ಕುಂಕುಮ ಉದುರಿ ಅವರ ಬಿಳಿ ಪ್ಯಾಂಟಿನ ಮೇಲೆ ಬಿತ್ತು, ಅದರಿಂದಲೇ ಅರ್ಧ ಸಿಟ್ಟು ಬಂದಿರಬೇಕು. ಒಂದು ಕಡೆ ಹಾಜರಿ ಪುಸ್ತಕ, ಇನ್ನೊಂದು ಕಡೆ ನನ್ನ ನೋಟ್‌ಬುಕ್. ತಾರೀಖಿಗೆ ತಾರೀಖು ಬೆರಳಿಟ್ಟು ನೋಡಿದರು. ಒಂದರಲ್ಲಿ ಗೈರು, ಇನ್ನೊಂದರಲ್ಲಿ ಭೇಷ್. ಎರಡೂ ಒಂದೇ ಕೈಯ ಅಕ್ಷರ.

"ಇದರಲ್ಲಿ ಯಾವುದು ನಿಜ?" ಅಂತ ಹೆಡ್ಮೇಷ್ಟ್ರನ್ನು ಕೇಳಿದರು.

"ಎರಡೂ ಖರೆ ಸಾರ್," ಅಂದರು ಹೆಡ್ಮೇಷ್ಟ್ರು. ಸುಳ್ಳು ಹೇಳುವ ಮನುಷ್ಯನಲ್ಲ ಅವರು. "ಕ್ಲಾಸಿನ್ಯಾಗ ನೋಡೀನಿ. ಪ್ರಾರ್ಥನಾದಾಗ ನೋಡಿಲ್ಲ."

ಇನ್ಸ್‌ಪೆಕ್ಟರು ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಮೆಟ್ಟಿಲು, ಕಾಗದ, ಹೆಬ್ಬೆಟ್ಟು. ಚರಿತ್ರೆ ಮೇಷ್ಟ್ರು ಸಂವಿಧಾನ ಅಂತ ಬಾಯಿ ತೆಗೆದರು. "ನೀವು ಸುಮ್ಮನಿರಿ, ಆ ಕಾಗದ ಬರೆದವರು ನೀವೇ ಅಲ್ಲವೇ," ಅಂತ ಅವರ ಬಾಯಿ ಮುಚ್ಚಿಸಿದರು. ತಿದ್ದಿರಿ ಅಂತ ಪುಸ್ತಕವನ್ನು ಹೆಡ್ಮೇಷ್ಟ್ರ ಕಡೆ ತಳ್ಳಿದರು. ಹೆಡ್ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡರು. ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಆಗ ಇನ್ಸ್‌ಪೆಕ್ಟರೇ ತಮ್ಮ ಹಸಿರು ಮಸಿಯ ಪೆನ್ನಿನಿಂದ ಒಂದೊಂದೇ ಗೈರನ್ನು ಹೊಡೆದು ಹಾಜರ್ ಅಂತ ಬರೆದರು. ಊಟದ ಹೊತ್ತು ಮೀರಿತು. ನಾನು ಪಕ್ಕದಲ್ಲಿ ನಿಂತು ತಾರೀಖು ಓದಿ ಹೇಳಿದೆ.

ಹೋಗುವಾಗ ಹೆಡ್ಮೇಷ್ಟ್ರಿಗೆ ಎರಡು ಮಾತು ಹೇಳಿದರು. ಇನ್ನು ಮೇಲೆ ಹಾಜರಿ ಕ್ಲಾಸಿನಲ್ಲೇ ಆಗಬೇಕು. ನಾಳೆಯಿಂದ ಪ್ರಾರ್ಥನೆ ಅಂತ ಒಂದು ನಡೆದರೆ ಈ ಹುಡುಗಿ ಬೇಕೆಂದಾಗ ಒಳಗೆ ಬಂದು ಎಲ್ಲರ ಸಾಲಿನಲ್ಲಿ ನಿಲ್ಲುವಂತಿರಬೇಕು.

ನನ್ನ ಹೆಸರು ಪಟ್ಟಿಗೆ ಸೇರಿತು. ಬಳ್ಳಾರಿಗೆ ಹೋಗಿ ಪರೀಕ್ಷೆ ಬರೆದೆ, ಪಾಸಾದೆ, ಟ್ರೈನಿಂಗ್ ಮುಗಿಸಿದೆ, ಮೂವತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಸೋದರಮಾವನಿಗೆ ಬೇರೆ ಕಡೆ ಲಗ್ನವಾಯಿತು. ಕೇಳಿದವರೆಲ್ಲ ಇಷ್ಟಕ್ಕೇ ಖುಷಿಪಟ್ಟು ಎದ್ದು ಹೋಗುತ್ತಾರೆ. ಇನ್ಸ್‌ಪೆಕ್ಟರು ಬಂದುಹೋದ ಮರುದಿನ ಬೆಳಿಗ್ಗೆ ಏನಾಯಿತು ಅಂತ ಕೇಳುವುದಿಲ್ಲ.

ಆ ಬೆಳಿಗ್ಗೆ ನಾನು ನೀರಿಗೆ ಹೋಗಲಿಲ್ಲ. ಅತ್ತೆ ಗೊಣಗುತ್ತಲೇ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಒಗೆದ ಲಂಗ ಉಟ್ಟು, ಒಂಬತ್ತೂವರೆಗೆ ಸಾಲಿಗೆ ಬಂದು, ಮೂರು ಮೆಟ್ಟಿಲು ಹತ್ತಿ ಪಡಸಾಲೆಯೊಳಗೆ ಹೋದೆ. ಯಾರೂ ತಡೆಯಲಿಲ್ಲ. ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದಿದ್ದವಳು ಒಂದು ಹೆಜ್ಜೆ ಮುಂದೆ ಸರಿದಳು, ಸರಿಯಲಿ. ಆಮೇಲೆ ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಪಟವೇ ಇಲ್ಲ. ಮೊಳೆ ಇತ್ತು, ಮೊಳೆಯ ಕೆಳಗೆ ಸುಣ್ಣ ಬೆಳ್ಳಗಿದ್ದ ಒಂದು ಚೌಕ ಇತ್ತು.

ಹೆಡ್ಮೇಷ್ಟ್ರು ಬಂದರು. ನನ್ನ ಕಡೆ ನೋಡಲಿಲ್ಲ.

"ಸರ್ಕಾರಿ ಸಾಲಿಯೊಳಗ ಪೂಜಿ, ಪ್ರಾರ್ಥನಾ ನಡಸೂದು ಸರಿ ಅಲ್ಲ ಅಂತ ನಮ್ಮ ಚರಿತ್ರೆ ಮೇಷ್ಟ್ರು ವರ್ಷಪೂರ್ತಿ ಹೇಳಿದ್ರು," ಅಂದರು. "ವಿಚಾರ ಮಾಡಿದೆ. ಅವರು ಹೇಳೂದು ಖರೆ ಅದ. ಇವತ್ತಿನಿಂದ ಪ್ರಾರ್ಥನಾ ಇಲ್ಲ."

ಚರಿತ್ರೆ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅವರೊಬ್ಬರೇ. ಸಾಲು ದಾಟಿ ನನ್ನ ಹತ್ತಿರ ಬಂದು, ಮುಖ ಅರಳಿಸಿ, "ಗೆದ್ದಿವಿ ತಂಗಿ," ಅಂದರು. ನಿಜವಾಗಿಯೂ ಗೆದ್ದೆವು ಅಂತಲೇ ಅವರು ನಂಬಿದ್ದರು. ನನ್ನ ಮುಂದಿದ್ದ ಸಾಲಿನಲ್ಲಿ ಒಬ್ಬಳು ತಿರುಗಿ ನನ್ನನ್ನು ನೋಡಿ, "ಇಕಿ ಒಳಗ ಬಂದ ಸಲುವಾಗಿ," ಅಂದಳು. ಅವಳಿಗೆ ಅರ್ಥವಾಗಿತ್ತು. ನನಗೂ ಅರ್ಥವಾಗಿತ್ತು. ಅರ್ಥವಾಗದೆ ಇದ್ದದ್ದು ಆ ಒಳ್ಳೆಯ ಮನುಷ್ಯನಿಗೆ ಮಾತ್ರ.

ನನಗೆ ಸಿಟ್ಟು ಬಂತು. ಅಷ್ಟು ದಿನ ಹೊರಗೆ ನಿಂತು ಕಲಿತಿದ್ದೆ. ಹೊಳೆಯ ದಾರಿಯಲ್ಲಿ ಹಾಡಿ ಹಾಡಿ ತಿದ್ದಿಕೊಂಡಿದ್ದೆ. ಆ ಹಾಡು ನಿನಗೆ ಬೇಕೋ ಬೇಡವೋ ಅಂತ ಆ ಇಬ್ಬರಲ್ಲಿ ಒಬ್ಬರೂ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಕು ಅಂತ ಹೇಳುತ್ತಿದ್ದೆ. ನನಗೆ ಬೇಕಾಗಿತ್ತು. ನಾನು ಬಾಯಿ ತೆರೆದು ಹಾಡತೊಡಗಿದೆ. ಮೊದಲನೇ ಸಾಲು, ಎರಡನೇ ಸಾಲು. ಯಾರೂ ಜೊತೆಗೂಡಲಿಲ್ಲ. ಪಡಸಾಲೆಯಲ್ಲಿ ನನ್ನ ಧ್ವನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು.

"ನಿಲ್ಲಸು," ಅಂದರು ಹೆಡ್ಮೇಷ್ಟ್ರು. "ಇದು ಸರ್ಕಾರಿ ಸಾಲಿ."

ನಾನು ಚರಿತ್ರೆ ಮೇಷ್ಟ್ರ ಮುಖ ನೋಡಿದೆ. ಅವರು ನನ್ನ ತಲೆಯ ಮೇಲೆ ಮೆತ್ತಗೆ ಕೈಯಿಟ್ಟರು.

"ಬ್ಯಾಡ ತಂಗಿ," ಅಂದರು. "ಹೆಡ್ಮೇಷ್ಟ್ರು ಹೇಳೂದು ಸರಿ ಐತಿ. ಕಾನೂನು ಎಲ್ಲರಿಗೂ ಒಂದೇ."

ಆ ವರ್ಷವಿಡೀ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.